ಸರ್ಪಗಳ ಜೋಡಿ ಕೂಡಿಸುವವರಿಗೆ

ಹೊಲದ ಬದುವಿನಲ್ಲಿ ಎರಡು ಕೇರೆಹಾವುಗಳು ಹೆಣೆದುಕೊಂಡು ಎದ್ದು ನಿಂತುದನ್ನು ಕಂಡರೆ, ಅದು ದಾಂಪತ್ಯವೆಂದು ಬಗೆದು, ಮೇಲೆ ಹೊಸ ವಸ್ತ್ರವನ್ನು ಬೀಸಿ, ಅದನ್ನು ಮಂಗಳಕರವೆಂದು ಮನೆಯಲ್ಲಿರಿಸಿಕೊಳ್ಳುವ ರೂಢಿ ನಮ್ಮಲ್ಲುಂಟು. ವಾಸ್ತವದಲ್ಲಿ ಅವೆರಡೂ ಗಂಡುಗಳು, ನಡೆದಿರುವುದು ಮಲ್ಲಯುದ್ಧ. ರೈತನ ಈ ತಪ್ಪಿನಿಂದ ಯಾರಿಗೂ ಕೇಡಿಲ್ಲ. ಆದರೆ ಪರದೇಶದ ಹಾವುಗಳನ್ನು ಸಾಕಿ ಮರಿ ಮಾಡಿಸುವ ಹವ್ಯಾಸವು ನಮ್ಮ ಪಟ್ಟಣಗಳಿಗೂ ಕಾಲಿಟ್ಟಿರುವ ಈ ದಿನಗಳಲ್ಲಿ, ಅದೇ ತಪ್ಪು ಪೆಟ್ಟಿಗೆಯೊಳಗೆ ನಡೆದರೆ ಸೋತ ಹಾವಿಗೆ ಓಡಿಹೋಗಲು ಬದುವಿಲ್ಲ, ಬಿಲವೂ ಇಲ್ಲ. ಬಲ್ಲವರಿಂದ ಲಿಂಗವನ್ನು ನಿಶ್ಚಯಿಸಿಕೊಳ್ಳದೆ ಎರಡನ್ನು ಒಂದೆಡೆ ಬಿಡುವುದು ಅವಿವೇಕವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಲಿಂಗವು ತಿಳಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಅಮೇರಿಕೆಯ ಕಿಂಗ್ ಸ್ನೇಕ್ ಎಂಬ ಹಾವನ್ನು ನೋಡಿರಿ. (ಹೆಸರು ರಾಜನದಾದರೂ ಇದು ನಮ್ಮ ಕಾಳಿಂಗನ ಬಳಗವಲ್ಲ, ಇದಕ್ಕೆ ನಂಜಿಲ್ಲ.) ಇದು ಇತರ ಹಾವುಗಳನ್ನೂ ಸ್ವಜಾತಿಯನ್ನೂ ತಿನ್ನುವ ಪ್ರಾಣಿ. ಕೂಡುವ ಸಮಯದಲ್ಲಿ ಗಂಡು ಹೆಣ್ಣಿನ ಕುತ್ತಿಗೆಯನ್ನು ಬಾಯಿಂದ ಹಿಡಿಯುವುದುಂಟು. ಆ ಹಿಡಿತವು ಪ್ರಣಯವೋ ಭೋಜನದ ಆರಂಭವೋ ಎಂಬುದು ಹೊಸಬರಿಗೆ ತಿಳಿಯದು. ಆದುದರಿಂದಲೇ ಅನುಭವಿಗಳು ಎರಡಕ್ಕೂ ಮುಂಚಿತವಾಗಿ ಹೊಟ್ಟೆತುಂಬ ಆಹಾರ ಕೊಟ್ಟು, ಕಣ್ಣೆದುರಿನಲ್ಲಿಯೇ ಬಿಟ್ಟು, ಕೂಡಿದೊಡನೆ ಬೇರ್ಪಡಿಸುತ್ತಾರೆ. ರಾತ್ರಿ ಜೋಡಿಯನ್ನು ಬಿಟ್ಟು ಮಲಗಿದವನು ಬೆಳಿಗ್ಗೆ ಒಂದೇ ಹಾವನ್ನು ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಪಶ್ಚಿಮ ಆಫ್ರಿಕೆಯ ಸಣ್ಣ ಹೆಬ್ಬಾವಾದ ಬಾಲ್ ಪೈತಾನಿನ ವಿಷಯದಲ್ಲಿ ಅಪಾಯವು ಬೇರೆ ಬಗೆಯದು. ಹೆಣ್ಣಿಗೆ ಸುಮಾರು ಮೂರು ವರ್ಷ ತುಂಬಿ, ತೂಕವು 1,500 ಗ್ರಾಮನ್ನು ಮುಟ್ಟುವವರೆಗೆ ಕಾಯಬೇಕೆಂಬುದು ಬಲ್ಲವರ ಸಾಮಾನ್ಯ ಅಭಿಪ್ರಾಯ. ಮೊಟ್ಟೆಗಳನ್ನು ಸುತ್ತಿಕೊಂಡು ಎರಡು ತಿಂಗಳಷ್ಟು ಕಾಲ ಬಹುಮಟ್ಟಿಗೆ ಉಪವಾಸವಿರುವ ತಾಯಿಯ ಮೈಯಲ್ಲಿ ಕಸುವಿಲ್ಲದಿದ್ದರೆ ಅದು ಹೇಗೆ ತಾನೇ ಚೇತರಿಸಿಕೊಂಡೀತು? ಇನ್ನು ಮರಿಗಳ ಬಣ್ಣದ ಮೋಹವು ನಮಗೆ ಸರ್ವಥಾ ಸಮ್ಮತವಲ್ಲ. 'ಸ್ಪೈಡರ್' ಎಂಬ ಚಿತ್ತಾರದ ತಳಿಯ ಹಾವುಗಳು ಒಳಗಿವಿಯ ವಿಕಾರದಿಂದ ತಲೆಯನ್ನು ತೂಗಾಡಿಸುತ್ತ ಬಾಳುತ್ತವೆ. ಚಿತ್ತಾರವೂ ವಿಕಾರವೂ ಒಂದೇ ಬೀಜದೊಡನೆ ಬರುವುವೆಂದು ತಿಳಿದೂ ಆ ತಳಿಯನ್ನು ಹಣಕ್ಕಾಗಿ ಬೆಳೆಸುವುದು ಕ್ರೌರ್ಯವಲ್ಲದೆ ಮತ್ತೇನು?

ಕಾನೂನಿನ ಮಾತನ್ನೂ ಹೇಳಬೇಕು. ನಾಗರ, ಕೇರೆ, ಹೆಬ್ಬಾವು ಮೊದಲಾದ ನಮ್ಮ ನಾಡಿನ ಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. 2022ರ ತಿದ್ದುಪಡಿಯ ಬಳಿಕ, ಬಾಲ್ ಪೈತಾನಿನಂತೆ ಅಂತರರಾಷ್ಟ್ರೀಯ ಒಪ್ಪಂದಕ್ಕೊಳಪಟ್ಟ ಪರದೇಶದ ಪ್ರಾಣಿಯನ್ನು ಇರಿಸಿಕೊಂಡವರು ಅದನ್ನು ನೋಂದಾಯಿಸಬೇಕು. ಮರಿ ಹುಟ್ಟಿದರೂ ಪ್ರಾಣಿ ಸತ್ತರೂ ವರದಿಯೊಪ್ಪಿಸಬೇಕು. ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ಪ್ರಯಾಣಿಕರ ಪೆಟ್ಟಿಗೆಗಳಿಂದ ಹಾವುಗಳನ್ನು ಮತ್ತೆ ಮತ್ತೆ ಹೊರತೆಗೆದುದನ್ನು ನೋಡಿದರೆ, ಕೊಳ್ಳುವವರಲ್ಲಿ ಎಷ್ಟು ಮಂದಿ ಹಾವಿನ ಮೂಲವನ್ನು ವಿಚಾರಿಸುತ್ತಾರೆಂಬ ಸಂಶಯ ಹುಟ್ಟುತ್ತದೆ. ಅರಣ್ಯ ಇಲಾಖೆಯವರು ಈ ನಿಯಮಗಳನ್ನು ತಿಳಿಗನ್ನಡದಲ್ಲಿ ಮುದ್ರಿಸಿ, ಸಾಕುಪ್ರಾಣಿಗಳ ಅಂಗಡಿಗಳ ಬಾಗಿಲಲ್ಲಿ ತೂಗಹಾಕಿಸಬೇಕೆಂದು ಸೂಚಿಸುತ್ತೇವೆ. ಅಲ್ಲಿಯವರೆಗೆ, ಹುಟ್ಟುವ ಮರಿಗಳಿಗೆ ಮನೆಯನ್ನೂ ಸರಕಾರಕ್ಕೆ ಲೆಕ್ಕವನ್ನೂ ಒದಗಿಸಲಾರದ ಮಹಾಶಯರು ಗಂಡುಹೆಣ್ಣುಗಳನ್ನು ಬೇರೆ ಬೇರೆ ಪೆಟ್ಟಿಗೆಗಳಲ್ಲಿಯೇ ಇರಗೊಡಲಿ.