ಎರಡನೆಯ ಬೀಗದ ಕೈ

ಮೊಮ್ಮಗನ ಹೊಸ ಬೈಕಿಗೆ ಬೀಗದ ಕೈ ತೂರಿಸುವ ತೂತೇ ಇಲ್ಲ. ಬೆಂಕಿಪೊಟ್ಟಣದಷ್ಟು ದೊಡ್ಡ ಕೀ ಜೇಬಿನಲ್ಲಿದ್ದರಾಯಿತು, ಗುಂಡಿ ಒತ್ತಿದರೆ ಗಾಡಿ ಹೊರಡುತ್ತದೆ. ಅಂಥವು ಎರಡು ಬಂದಿದ್ದವು. ಕಳೆದ ತಿಂಗಳು ಒಂದು ಬಸ್ಸಿನಲ್ಲಿ ಕಳೆಯಿತು.

"ಮಾರುಕಟ್ಟೆ ಹತ್ತಿರ ಬೀಗದ ಕೈ ಮಾಡೋನು ಕೂತಿರ್ತಾನೆ. ಉಜ್ಜಿ ಕೊಡ್ತಾನೆ, ಹೋಗೋ" ಎಂದೆ.

"ತಾತ, ಇದಕ್ಕೆ ಉಜ್ಜೋಕೆ ಹಲ್ಲೇ ಇಲ್ಲ! ಇನ್ನೊಂದು ಇದೆಯಲ್ಲ, ಆಮೇಲೆ ನೋಡೋಣ" ಎಂದು ನಕ್ಕ.

ಆ "ಆಮೇಲೆ" ನನಗೆ ಹಿಡಿಸಲಿಲ್ಲ. ನಮ್ಮ ಬ್ಯಾಂಕಿನ ತಿಜೋರಿಯ ಎರಡನೆಯ ಜೊತೆ ಬೀಗದ ಕೈಗಳನ್ನು ಮೊಹರು ಮಾಡಿ ಬೇರೆ ಶಾಖೆಯಲ್ಲಿ ಇಡುತ್ತಿದ್ದೆವು.

ಬಿಡದೆ ಶೋರೂಮಿಗೆ ಕರೆದೊಯ್ದೆ. ಆರ್‌ಸಿ, ಗುರುತಿನ ಚೀಟಿ, ಉಳಿದ ಕೀ ಮೂರನ್ನೂ ಕೇಳಿದರು. ಹೊಸದು ಬರಲು ಹತ್ತು ದಿನ ಹಿಡಿಯಿತು.

ಮಕ್ಕಳೇ, ಇಂಥ ಪ್ರತಿ ಕೀಗೂ ತನ್ನದೇ ಒಂದು ಗುಪ್ತ ಸಂಕೇತ ಇರುತ್ತದೆ. ಅದು ರೇಡಿಯೋ ಅಲೆಯಲ್ಲಿ ಗಾಡಿಗೆ ಮುಟ್ಟುತ್ತದೆ. ತನ್ನ ಪಟ್ಟಿಯಲ್ಲಿದ್ದರೆ ಮಾತ್ರ ಗಾಡಿ ಒಪ್ಪುತ್ತದೆ, ನಾವು ಚೆಕ್ಕಿನ ಸಹಿ ತಾಳೆ ನೋಡುತ್ತಿದ್ದ ಹಾಗೆ. ಮೆಕ್ಯಾನಿಕ್ ಹೊಸದನ್ನು ಪಟ್ಟಿಗೆ ಸೇರಿಸಿ, ಕಳೆದದ್ದನ್ನು ಅಳಿಸಿದ. ಇನ್ನು ಅದು ಯಾರಿಗೆ ಸಿಕ್ಕರೂ ಗಾಡಿ ಹೊರಡದು. ಎರಡೂ ಕಳೆದರೆ ಕೆಲವು ಗಾಡಿಗಳಲ್ಲಿ ಒಳಗಿನ ನಿಯಂತ್ರಣ ಪೆಟ್ಟಿಗೆಯನ್ನೇ ಬದಲಿಸಬೇಕಾಗುತ್ತದೆ. ಆಗ ಖರ್ಚು ಬಲು ದೊಡ್ಡದು.

ಮನೆಗೆ ಬಂದವನೇ ಮೊಮ್ಮಗ ಮಾಡಿದ್ದೇನು ಗೊತ್ತೇ? ಎರಡನ್ನೂ ಒಂದೇ ಗೊಂಚಲಿಗೆ ಪೋಣಿಸಿದ! ನಾನು ಒಂದನ್ನು ಬಿಡಿಸಿಕೊಂಡೆ. ಈಗ ಅದು ಅಜ್ಜಿಯ ಬೀರುವಿನಲ್ಲಿದೆ. ನಮ್ಮ ಮನೆಯ ಬೇರೆ ಶಾಖೆ ಅದೇ.