ಸಂಶೋಧನೆಗೆ ದುಡ್ಡು ಕೊಟ್ಟವರು ಯಾರು?

ಕೆಲವು ಭಾನುವಾರಗಳ ಹಿಂದೆ ಪೂಜೆ ಮುಗಿದ ಮೇಲೆ ಇಗರ್ಜಿಯ ಜಗಲಿಯಲ್ಲಿ ಪತ್ರಿಕೆಯ ಒಂದು ತುಂಡು ಕೈಯಿಂದ ಕೈಗೆ ಹೋಯಿತು. ಅಡಿಕೆಯಲ್ಲಿ ಔಷಧೀಯ ಗುಣಗಳಿವೆ, ಅದರಿಂದ ಕ್ಯಾನ್ಸರ್ ಬರುವುದಿಲ್ಲ ಎಂಬ ಸುದ್ದಿ. ಓದಿದವರಿಗೆಲ್ಲ ಸಂತೋಷ. ಅಂಗಳ ತುಂಬ ಅಡಿಕೆ ಹರವಿ ಬಂದವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಯಾವುದು? ಈ ಸಂಶೋಧನೆಗೆ ಹಣ ಎಲ್ಲಿಂದ ಬಂತು ಎಂದು ಒಬ್ಬರೂ ಕೇಳಲಿಲ್ಲ. ನಾವೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ಸ್ವಲ್ಪ ನಾಚಿಕೆಯಾಯಿತು.

ಯಾಕೆಂದರೆ ಕಾಸರಗೋಡಿನವರಾದ ನಮಗೆ ಈ ಪ್ರಶ್ನೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರುತೋಟಗಳ ಮೇಲೆ 1970ರ ದಶಕದಿಂದ 2000ದ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿಸಿತು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಪಡ್ರೆ ಗ್ರಾಮದ ನೀರು, ಮಣ್ಣು, ಜನರ ರಕ್ತ ಪರೀಕ್ಷಿಸಿ, ವಿಷದ ಅಂಶ ಬಹಳ ಇದೆ ಎಂದರು. ಅದೇ ವರ್ಷ ಕಾರ್ಪೊರೇಶನ್ ತಾನೇ ನೇಮಿಸಿದ ಸಂಸ್ಥೆಯೊಂದು ರಕ್ತದಲ್ಲಿ ಏನೂ ಇಲ್ಲ ಎಂದು ವರದಿ ಕೊಟ್ಟಿತು. ಊರು ಒಂದೇ, ವರ್ಷ ಒಂದೇ, ವರದಿ ಎರಡು. ಕೊಚ್ಚಿ ಬಳಿಯ ಏಲೂರಿನಲ್ಲಿ ಈ ಮದ್ದನ್ನು ತಯಾರಿಸುತ್ತಿದ್ದ ಕಂಪೆನಿಯೂ ಕೇಂದ್ರ ಸರಕಾರದ್ದೇ ಎಂಬುದನ್ನು ನೆನಪಿಟ್ಟರೆ, ಸಮಿತಿಯ ಮೇಲೆ ಸಮಿತಿ ಯಾಕೆ ಕುಳಿತಿತು ಎಂಬುದು ಅರ್ಥವಾಗುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ನಮ್ಮ ಕಡೆಯ 117 ಗಂಡುಮಕ್ಕಳನ್ನು ಬೇರೆ ಊರಿನ 90 ಮಕ್ಕಳ ಜೊತೆ ಹೋಲಿಸಿ, ಇಲ್ಲಿನವರ ಪ್ರೌಢ ಬೆಳವಣಿಗೆ ತಡವಾಗಿದೆ ಎಂದು 2003ರಲ್ಲಿ ಪ್ರಕಟಿಸಿದರು. ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಇದರ ತಯಾರಿ, ಮಾರಾಟ ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ಅಷ್ಟು ವರ್ಷ ನಾವೆಲ್ಲ ಕೇಳುತ್ತಿದ್ದದ್ದು ಒಂದೇ: ವರದಿ ಬರೆಸಿದವರು ಯಾರು, ಲಾಭ ಯಾರಿಗೆ?

ಈಗ ಅಡಿಕೆಯ ವಿಷಯಕ್ಕೆ ಬನ್ನಿ. ಇಲ್ಲಿ ಲಾಭ ನಮಗೆ. ತೋಟ ನಮ್ಮದು, ಮಕ್ಕಳ ಫೀಸು, ಮನೆಯ ಸಾಲ, ಮಗಳ ಮದುವೆ ಎಲ್ಲ ಅದರ ಮೇಲೆಯೇ ನಿಂತಿದೆ. ಆಗ ಕಾರ್ಪೊರೇಶನ್ ಕುಳಿತಿದ್ದ ಕುರ್ಚಿಯಲ್ಲಿ ಈಗ ನಾವು ಕುಳಿತಿದ್ದೇವೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅಡಿಕೆಯನ್ನೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿ 2004ರಲ್ಲಿ ಗ್ರಂಥ ಪ್ರಕಟಿಸಿತು. ಇದು ವಿದೇಶಿಯರ ಪಿತೂರಿ, ತಪ್ಪು ಗುಟ್ಕಾದ ಹೊಗೆಸೊಪ್ಪಿನದು ಎಂದು ನಮ್ಮಲ್ಲಿ ಹಲವರು ಹೇಳುತ್ತಾರೆ. ಹೊಗೆಸೊಪ್ಪಿನ ಮಾತಿನಲ್ಲಿ ಸತ್ಯಾಂಶವಿದೆ. 1985ರಲ್ಲಿ ಇದೇ ಸಂಸ್ಥೆ ಹೊಗೆಸೊಪ್ಪು ಸೇರಿದ ವೀಳ್ಯವನ್ನು ಮಾತ್ರ ದೂರಿತ್ತು. ಹೊಗೆಸೊಪ್ಪಿಲ್ಲದ ವೀಳ್ಯದ ಬಗ್ಗೆ ಪುರಾವೆ ಸಾಲದು ಎಂದಿತ್ತು. ಆ ಪುರಾವೆಯ ದೊಡ್ಡ ಪಾಲು ಅನಂತರ ಬಂದದ್ದು ತೈವಾನಿನಿಂದ. ಅಲ್ಲಿನ ಜನ ಸಾಮಾನ್ಯವಾಗಿ ಹೊಗೆಸೊಪ್ಪು ಹಾಕದೆ ಅಡಿಕೆ ಜಗಿಯುತ್ತಾರೆ. ಅವರಲ್ಲೂ ಬಾಯಿಯ ಕ್ಯಾನ್ಸರ್ ಹೆಚ್ಚು ಕಂಡಿತು. ತೈವಾನಿನಲ್ಲಿ ಅಡಿಕೆಗೆ ಹಸಿರು ಚಿನ್ನ ಎಂದೇ ಹೆಸರು; ಸಾವಿರಾರು ರೈತರ ಅನ್ನ ಅದು. ತಮ್ಮದೇ ಬೆಳೆಗೆ ಕೇಡಾಗುವ ಮಾತನ್ನು ಅಲ್ಲಿನ ವೈದ್ಯರೇ ಹೇಳಿದರು. ಹೇಳುವವನಿಗೇ ನಷ್ಟ ತರುವ ಮಾತಿಗೆ ಬೆಲೆ ಜಾಸ್ತಿ ಎಂಬುದು ಸಂತೆಗೆ ಹೋಗುವ ಯಾರಿಗಾದರೂ ಗೊತ್ತು.

ಹಾಗಾದರೆ ಜಗಲಿಯಲ್ಲಿ ಓದಿದ ಸುದ್ದಿ ಸುಳ್ಳೇ? ಸುಳ್ಳಾಗಿರಬೇಕೆಂದಿಲ್ಲ. ಹಣ ಕೊಟ್ಟವರು ಹೆಚ್ಚಾಗಿ ಉತ್ತರವನ್ನು ತಿದ್ದುವುದಿಲ್ಲ, ಪ್ರಶ್ನೆಯನ್ನು ಆರಿಸುತ್ತಾರೆ. ಅಡಿಕೆಯ ರಸ ಗಾಜಿನ ಬಟ್ಟಲಿನಲ್ಲಿ ರೋಗಾಣುಗಳನ್ನು ಕೊಲ್ಲುತ್ತದೆಯೇ ಎಂದು ಕೇಳಿದರೆ ಹೌದೆಂಬ ಉತ್ತರ ಬರಬಹುದು. ಹೊಟ್ಟೆಯ ಹುಳಕ್ಕೆ ಅಡಿಕೆ ಹಳೆಯ ಮದ್ದು, ಅದೂ ನಿಜ. ಆದರೆ ಇಪ್ಪತ್ತು ವರ್ಷ ದಿನಕ್ಕೆ ಹತ್ತು ಸಲ ಜಗಿದವನ ಕೆನ್ನೆಯ ಒಳಗೆ ಏನಾಗುತ್ತದೆ ಎಂಬುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಆರು ತಿಂಗಳು ಸಾಕು, ಖರ್ಚೂ ಕಡಿಮೆ. ಎರಡನೆಯದಕ್ಕೆ ವರ್ಷಗಳು ಬೇಕು, ಸಾವಿರಾರು ಜನ ಬೇಕು, ಉತ್ತರ ಕಹಿಯಾದರೂ ಪ್ರಕಟಿಸುವ ಧೈರ್ಯ ಬೇಕು.

ಸಂಶಯ ಎರಡೂ ಕಡೆಗೆ ಇರಲಿ. 2024ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ, 2022ರಲ್ಲಿ ಲೋಕದಲ್ಲಿ ಕಂಡ 3,89,800 ಬಾಯಿಯ ಕ್ಯಾನ್ಸರ್‌ಗಳಲ್ಲಿ 1,20,200ಕ್ಕೆ ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆ ಕಾರಣ. ಅದರಲ್ಲಿ 83,400 ಭಾರತದ್ದು. ಇದರಲ್ಲಿ ತಂಬಾಕೂ ಸೇರಿದೆ. ಅಷ್ಟನ್ನೂ ಅಡಿಕೆಯ ತಲೆಗೆ ಕಟ್ಟುವ ತಲೆಬರಹ ಕಂಡರೆ ಅದನ್ನೂ ಪ್ರಶ್ನಿಸಬೇಕು.

ನಾವು ತೋಟ ಕಡಿಯಿರಿ ಎನ್ನುತ್ತಿಲ್ಲ. ಕೊಳೆರೋಗಕ್ಕೆ ಮದ್ದು ಬಿಟ್ಟು, ಹಳದಿ ರೋಗದಲ್ಲಿ ಉಳಿದ ಮರಗಳನ್ನು ನೋಡಿಕೊಂಡು ಬದುಕುವವರಿಗೆ ಹಾಗೆ ಹೇಳುವ ಅಧಿಕಾರ ಯಾರಿಗೂ ಇಲ್ಲ. ತೈವಾನ್ ಸರಕಾರ ಅಡಿಕೆ ಬಿಟ್ಟು ಬೇರೆ ಬೆಳೆ ಹಾಕುವವರಿಗೆ ಸಹಾಯಧನ ಕೊಟ್ಟಿತು, ಜಗಿಯುವವರ ಬಾಯಿಯನ್ನು ಎರಡು ವರ್ಷಕ್ಕೊಮ್ಮೆ ಉಚಿತವಾಗಿ ಪರೀಕ್ಷಿಸುವ ಏರ್ಪಾಡು ಮಾಡಿತು. ಅಡಿಕೆ ನಿರ್ದೋಷಿ ಎಂದು ತೋರಿಸುವ ಸಂಶೋಧನೆಗೆ ನಮ್ಮ ಬೆಳೆಗಾರರ ಸಂಸ್ಥೆಗಳು ಹಾಕುವ ಹಣದಲ್ಲಿ ಒಂದು ಪಾಲು ಇಂಥ ಪರೀಕ್ಷೆಗೆ ಹೋದರೆ ನಷ್ಟವೇನು? ಮಹಾಸಭೆಯಲ್ಲಿ ಕೈ ಎತ್ತಿ ಕೇಳಲು ಪಾಲುದಾರರಾದ ನಿಮಗೆ ಹಕ್ಕಿದೆ.

ಎಲೆಅಡಿಕೆ ಜಗಿಯುವ ಹಿರಿಯರು ಮನೆಯಲ್ಲಿದ್ದರೆ ಇಂದೇ ಕನ್ನಡಿಯ ಮುಂದೆ ಬಾಯಿ ತೆರೆಯಲು ಹೇಳಿ. ಮೂರು ಬೆರಳು ನೆಟ್ಟಗೆ ಒಳಗೆ ಹಿಡಿಸದಿದ್ದರೆ, ಖಾರ ತಿಂದಾಗ ಉರಿಯಿದ್ದರೆ, ಬಿಳಿ ಅಥವಾ ಕೆಂಪು ಕಲೆ ಇದ್ದರೆ, ಮೂರು ವಾರವಾದರೂ ಮಾಯದ ಹುಣ್ಣಿದ್ದರೆ ದಂತ ವೈದ್ಯರಿಗೆ ತೋರಿಸಿ. ಅಡಿಕೆ ಮತ್ತು ಆರೋಗ್ಯದ ಬಗ್ಗೆ ಹೊಸ ಸಂಶೋಧನೆ ನಡೆಸುವುದಾಗಿ ಕೇಂದ್ರ ಸರಕಾರ ಹೇಳಿದೆ. ಅದರ ವರದಿ ಬಂದಾಗ, ಹಣ ಯಾರದ್ದು, ಕೇಳಿದ ಪ್ರಶ್ನೆ ಯಾವುದು ಎಂಬುದರ ಸಹಿತ ಇದೇ ಅಂಕಣದಲ್ಲಿ ಬರೆಯುತ್ತೇವೆ, ಅಡಿಕೆಯ ರೇಟು ಏರಿದರೂ ಸರಿ, ಇಳಿದರೂ ಸರಿ.