ದಾಸಿ-ದಾಸರೆಂಬ ಪರಿಗ್ರಹ



ನಮ್ಮ ಸಮಾಜದ ಸಭೆಗಳಲ್ಲಿ ಎರಡು ಮಾತುಗಳು ಪದೇ ಪದೇ ಕೇಳಿಬರುತ್ತವೆ. ಒಂದು, ಮನೆತನದ ಹೆಸರಿನ ಹೆಮ್ಮೆ: ‘ಶೆಟ್ಟಿ’ ಎಂದರೆ ಶ್ರೇಷ್ಠಿ, ‘ಹೆಗ್ಗಡೆ’ ಎಂದರೆ ಅಂದಿನ ಪೆರ್ಗಡೆ, ಅಧಿಕಾರಿ. ಇನ್ನೊಂದು, ಅಹಿಂಸಾಧರ್ಮೀಯರಾದ ನಮ್ಮಲ್ಲಿ ದಾಸ್ಯವೆಂಬುದು ಎಂದೂ ಇರಲಿಲ್ಲವೆಂಬ ಸಮಾಧಾನ. ಮೊದಲನೆಯದು ಅರ್ಧಸತ್ಯ; ಎರಡನೆಯದು ಅಸತ್ಯ.

ದಶಲಕ್ಷಣ ಪರ್ವದಲ್ಲಿ ನಾವು ಓದುವ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವನ್ನೇ ನೋಡಿರಿ. ಪರಿಗ್ರಹಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳ ಸಾಲಿನಲ್ಲಿಯೇ ದಾಸಿ-ದಾಸರನ್ನೂ ಎಣಿಸಲಾಗಿದೆ. ಶ್ರಾವಕನ ಮನೆಯಲ್ಲಿ ದಾಸರೇ ಇಲ್ಲದಿದ್ದರೆ ಅವರ ಸಂಖ್ಯೆಗೆ ಮಿತಿ ಹಾಕುವ ಅಗತ್ಯವೇನಿತ್ತು? ಮಾರಾಟಕ್ಕೆ ಒಳಗಾದ ಚಂದನೆಯನ್ನು ಕೌಶಾಂಬಿಯಲ್ಲಿ ಸಂಕೋಲೆಯಲ್ಲಿರಿಸಿದ್ದೂ ಒಬ್ಬ ಶ್ರೇಷ್ಠಿಯ ಮನೆಯೇ. ಆಕೆಯ ಕೈಯಿಂದ ಆಹಾರ ಸ್ವೀಕರಿಸಿದವರು ವರ್ಧಮಾನ ಸ್ವಾಮಿಗಳು. ಮುಂದೆ ಆರ್ಯಿಕಾ ಸಂಘಕ್ಕೆ ಪ್ರಮುಖಳಾದವಳು ಅದೇ ಚಂದನೆ. ‘ಶ್ರೇಷ್ಠಿ’ ಶಬ್ದವನ್ನು ಕೊಂಡಾಡುವವರು ಈ ಕಥೆಯನ್ನೂ ನೆನೆಯಬೇಕು.

ಶಬ್ದಗಳು ಹಳೆಯ ಲೆಕ್ಕಪುಸ್ತಕಗಳಂತೆ. ಬರೆದದ್ದನ್ನು ಅಳಿಸಿದರೂ ಗುರುತು ಉಳಿಯುತ್ತದೆ. ಋಗ್ವೇದದಲ್ಲಿ ‘ದಾಸ’ ಎಂಬುದು ವೈರಿ ಜನರ ಹೆಸರು. ಬಳಿಕ ಅದು ತೊತ್ತಿನವನ ಹೆಸರಾಯಿತು. ಇಂಗ್ಲಿಷಿನ ‘ಸ್ಲೇವ್’ ಶಬ್ದವೂ ಸ್ಲಾವ್ ಜನಾಂಗದ ಹೆಸರಿನಿಂದ ಬಂದುದೇ. ನಮ್ಮ ‘ಜೀತ’ವು ‘ಜೀವಿತ’ದ ತದ್ಭವ. ಬದುಕಿಗೆಂದು ಕೊಡುವ ಸಂಬಳದ ಹೆಸರೇ ಕಡೆಗೆ ಬದುಕನ್ನೇ ಕಸಿದುಕೊಳ್ಳುವ ಪದ್ಧತಿಯ ಹೆಸರಾಯಿತು! ‘ಆಳು’ ಎಂಬುದು ಕ್ರಿಯಾಪದವಾದರೆ ಅರಸುತನ, ನಾಮಪದವಾದರೆ ಸೇವಕ. ಜಿನದಾಸ, ಬನಾರಸೀದಾಸ ಎಂಬ ಹೆಸರುಗಳಲ್ಲಿ ದಾಸ್ಯವು ಭೂಷಣ. ಮೂಟೆ ಹೊರುವವನಿಗೆ ಮಾತ್ರ ಅದು ಮುದ್ರೆ.

‘ಅದೆಲ್ಲ ಹಳೆಯ ಕಾಲದ ಮಾತು’ ಎನ್ನುವವರಿದ್ದಾರೆ. ಜೀತಪದ್ಧತಿಯನ್ನು ರದ್ದುಪಡಿಸಿದ ಕಾಯಿದೆ ಬಂದದ್ದು 1976ರಲ್ಲಿ. ಆ ಕಾಯಿದೆಯು ಪಟ್ಟಿಮಾಡಿದ ಹೆಸರುಗಳಲ್ಲಿ ಕನ್ನಡದ ‘ಜೀತ’ವಿದೆ, ಕೇರಳದ ಒಂದು ಸಮುದಾಯದ ಹೆಸರಾದ ‘ಚೆರುಮರ್’ ಇದೆ, ‘ಸೇವಕ್’ ಎಂಬುದೂ ಇದೆ. ಸಮಾಜಸೇವಕರೆಂದು ಫಲಕ ಹಾಕಿಸಿಕೊಳ್ಳುವ ನಮಗೆ ಇದು ತಿಳಿದಿರಲಿ.

ಅನ್ಯರನ್ನು ದೂರುವ ಮುನ್ನ ನನ್ನ ಅಂಗಡಿಯ ಮಾತು. ನಮ್ಮ ತಂದೆಯವರ ಕಾಲದ ಖಾತೆಯಲ್ಲಿ ಸಾಲ ಪಡೆದವರ ಹೆಸರು ಮನೆತನ ಸಹಿತ ಇದೆ. ಮೂಟೆ ಹೊತ್ತವರದು ‘ಆಳು 4’ ಎಂದಷ್ಟೇ. ಅದೇ ಪುಟದಲ್ಲಿ ‘ಮೂಟೆ 60’. ಗಲ್ಲೆಯ ಮೇಲೆ ಕುಳಿತ ಮೊದಲ ವರ್ಷಗಳಲ್ಲಿ ನಾನೂ ಹಾಗೆಯೇ ಬರೆದೆ. ವಾಣಿಜ್ಯ ಪದವಿಯಲ್ಲಿ ಕಲಿತ ಲೆಕ್ಕಶಾಸ್ತ್ರವು ಅದನ್ನು ತಪ್ಪೆನ್ನಲಿಲ್ಲ. ನಿತ್ಯ ಓದುತ್ತಿದ್ದ ಸೂತ್ರವು ಎನ್ನುತ್ತಿತ್ತು, ನಾನು ಕೇಳಿಸಿಕೊಳ್ಳಲಿಲ್ಲ.

ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ: ಇವು ಅಹಿಂಸಾಣುವ್ರತದ ಐದು ಅತಿಚಾರಗಳು. ಇವನ್ನು ದನಕರುಗಳಿಗೆ ಮಾತ್ರ ಅನ್ವಯಿಸಿ ಗೋಶಾಲೆಗೆ ದಾನ ಬರೆದರೆ ಸಾಲದು. ಮುಂಗಡದ ಹಣ ಕೊಟ್ಟು ದುಡಿಯುವವನನ್ನು ಬೇರೆಡೆಗೆ ಹೋಗದಂತೆ ಕಟ್ಟಿಹಾಕುವುದು ಬಂಧವಲ್ಲವೆ? ಹಬ್ಬದ ದಿನಗಳಲ್ಲಿ ಬಸದಿಯ ಕೆಲಸದವರಿಂದ ಇರುಳೂ ಹಗಲೂ ದುಡಿಸುವುದು ಅತಿಭಾರವಲ್ಲವೆ?

ಆದುದರಿಂದ ಬಸದಿಗಳ ಟ್ರಸ್ಟಿನವರಲ್ಲಿ ನನ್ನ ವಿನಂತಿ ಇಷ್ಟೇ. ಕೂಲಿಯ ಪುಸ್ತಕದಲ್ಲಿ ‘ಆಳು’ ಎಂಬ ಅಂಕಿಯನ್ನು ಬಿಟ್ಟು ಪೂರ್ಣ ಹೆಸರು ಬರೆಯಿರಿ. ಮುಂಗಡದ ನೆಪದಲ್ಲಿ ಸಂಬಳವನ್ನು ತಡೆಯದಿರಿ. ದಾನಿಗಳ ಹೆಸರು ಕೆತ್ತಿಸುವ ಕಲ್ಲಿನಲ್ಲಿ ಕಲ್ಲು ಹೊತ್ತವರಿಗೂ ಒಂದು ಸಾಲು ಇರಲಿ. ಮನುಷ್ಯನನ್ನು ಧಾನ್ಯದೊಡನೆ ಎಣಿಸುವುದನ್ನು ನಿಲ್ಲಿಸಿದ ದಿನ ‘ಶ್ರೇಷ್ಠಿ’ ಎಂಬ ಹೆಸರು ನಮಗೆ ಸಲ್ಲುತ್ತದೆ. ಅಲ್ಲಿಯವರೆಗೆ ಅದು ಹಿರಿಯರಿಂದ ತಂದ ಸಾಲ.